ಬಿಸಿಲು ಜೋರಾಗೋ ಮುಂಚೆನೇ ಗಿಡಕ್ಕೆ ಕೊಡಿ ಮೀನಿನ ಅಮಿನೋ

ಏಪ್ರಿಲ್ ಬಂತು ಅಂದ್ರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಹಿತ್ತಲಿನ ಮೆಣಸಿನ ಗಿಡ, ಬದನೆ, ಮಲ್ಲಿಗೆ ಎಲ್ಲದಕ್ಕೂ ಮೇಲಿಂದ ಬಿಸಿಲು, ಕಡಲ ಕಡೆಯಿಂದ ಉಪ್ಪುಗಾಳಿ. ಎಲೆ ಮುದುಡಿ ಹೂ ಉದುರೋಕೆ ಶುರುವಾದ್ಮೇಲೆ ಏನಾದ್ರೂ ಸ್ಪ್ರೇ ಮಾಡೋಣ ಅಂತ ಓಡಾಡ್ತೀವಲ್ಲ, ಅಷ್ಟೊತ್ತಿಗೆ ತಡ ಆಗಿರ್ತದೆ. ಮೀನಿನ ಅಮಿನೋ ಅಂದ್ರೆ ಮೀನಿನ ತಲೆ, ಕರುಳಿಗೆ ಬೆಲ್ಲ ಬೆರೆಸಿ ಹುದುಗಿಸಿದ ರಸ, ನೀರಿಗೆ ಬೆರೆಸಿ ಸ್ಪ್ರೇ ಮಾಡೋದು. ಫೆಬ್ರವರಿ ಕೊನೆಗೆ ಸ್ಪ್ರೇ ಶುರು ಆಗ್ಬೇಕು, ಹಾಗಾಗಿ ಜನವರಿಯಲ್ಲೇ ಡಬ್ಬ ತುಂಬಿಡಿ.

ಮೀನು ಪೇಟೆಯಲ್ಲಿ ಬಂಗಡೆ, ತಾರ್ಲೆ ಕೊಯ್ದು ಬಿಸಾಕೋ ತಲೆ, ಕರುಳು, ಕಿವಿರು ಕೇಳಿ ತನ್ನಿ, ಉಪ್ಪು ಹಾಕಿದ ಮೀನಿಂದು ಮಾತ್ರ ಬೇಡವೇ ಬೇಡ, ಮೊದಲೇ ಉಪ್ಪಿನ ಕಾಟ ಇರೋ ಗಿಡಕ್ಕೆ ಮತ್ತೆ ಉಪ್ಪು ಕೊಟ್ಟಂಗಾಗ್ತದೆ. ಸಣ್ಣಗೆ ಹೆಚ್ಚಿ, ಅಷ್ಟೇ ತೂಕದ ಬೆಲ್ಲ ಪುಡಿ ಮಾಡಿ ಕಲಸಿ. ಬೆಲ್ಲ ಕಡಿಮೆ ಆದ್ರೆ ಕೊಳೆತು ನಾರ್ತದೆ, ಇಲ್ಲಿ ಜಿಪುಣತನ ಮಾಡ್ಬೇಡಿ. ಪ್ಲಾಸ್ಟಿಕ್ ಡಬ್ಬದಲ್ಲಿ ಮುಕ್ಕಾಲು ಮಾತ್ರ ತುಂಬಿಸಿ, ಗ್ಯಾಸ್ ಬರ್ತದೆ, ಮುಚ್ಚಳ ಬಿಗಿ ಮಾಡ್ದೆ ಬಟ್ಟೆ ಕಟ್ಟಿ ನೆರಳಲ್ಲಿಡಿ, ನಾಯಿ ಬೆಕ್ಕಿಗೆ ಸಿಗದಂಗೆ. ಒಂದು ತಿಂಗಳು ಬಿಟ್ಟು ಸೋಸಿದ್ರೆ ಕಂದು ಬಣ್ಣದ ರಸ ಸಿಗ್ತದೆ.

ಬಿಸಿಲು, ಉಪ್ಪು ಹೆಚ್ಚಾದಾಗ ಎಷ್ಟೋ ಗಿಡಗಳು ಪ್ರೋಲಿನ್ ಅನ್ನೋ ಅಮಿನೋ ಆಮ್ಲವನ್ನ (ಪ್ರೋಟೀನ್ ಕಟ್ಟೋ ಸಣ್ಣ ತುಣುಕು) ತಾವೇ ಜಾಸ್ತಿ ಮಾಡ್ಕೊಳ್ತವೆ, ಜೀವಕೋಶದೊಳಗಿನ ನೀರು ಹಿಡಿದಿಟ್ಕೊಳ್ಳೋಕೆ. ಅದಕ್ಕೆ ಗಿಡದ ಶಕ್ತಿ ಖರ್ಚಾಗ್ತದೆ, ಮೀನಿನ ರಸದಲ್ಲಿ ಅಮಿನೋ ಆಮ್ಲಗಳು ರೆಡಿ ಇರೋದ್ರಿಂದ ಆ ಹೊರೆ ಒಂಚೂರು ಇಳೀತದೆ ಅನ್ನೋದೇ ಇದರ ಹಿಂದಿರೋ ಲೆಕ್ಕ. ಹಾಗಂತ ಇದು ನೀರಿಗೆ ಬದಲಿ ಅಲ್ಲ, ಬುಡಕ್ಕೆ ಒಣ ಎಲೆಯ ಮುಚ್ಚಿಗೆ ಇಲ್ದಿದ್ರೆ ಎಷ್ಟು ಸ್ಪ್ರೇ ಮಾಡಿದ್ರೂ ದಂಡ.

1 ಲೀಟರ್ ನೀರಿಗೆ 5 ಮಿಲಿ ಸಾಕು, ಜಾಸ್ತಿ ಹಾಕಿದ್ರೆ ಎಲೆ ಸುಡ್ತದೆ. ಮೊದಲು ಒಂದು ಗಿಡಕ್ಕೆ ಹೊಡೆದು ಎರಡು ದಿನ ನೋಡಿ, ಆಮೇಲೆ 15 ದಿನಕ್ಕೊಮ್ಮೆ, ಬಿಸಿಲು ಇಳಿದ್ಮೇಲೆ, ಎಲೆಯ ಅಡಿಭಾಗಕ್ಕೂ ಬೀಳೋ ಹಾಗೆ.

ಶಿರಸಿ, ಸಿದ್ದಾಪುರ ಕಡೆ ಮೀನು ಮುಟ್ಟದವರಿಗೆ ಸಗಣಿ, ಗಂಜಲದಿಂದ ಮಾಡೋ ಜೀವಾಮೃತ ಇದೆಯಲ್ಲ, 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆಜಿ, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿಟ್ಟು ದಿನಾ ಎರಡು ಸಲ ತಿರುಗಿಸಿ, 48 ಗಂಟೆ ಆದ್ಮೇಲೆ ಅಡಿಕೆ, ಕಾಳುಮೆಣಸಿನ ಬುಡಕ್ಕೆ ಹಾಕ್ಬಹುದು, ಮಣ್ಣು ಹಸಿ ಇರ್ಬೇಕು ಅಷ್ಟೇ.

ಹರಿವೆ, ಬಸಳೆ ಥರ ಸೊಪ್ಪಿಗೆ ಮಾತ್ರ ಇವೆರಡನ್ನೂ ಎಲೆ ಮೇಲೆ ಹೊಡೀಬೇಡಿ, ಬುಡಕ್ಕೇ ಹಾಕಿ, ಕೊಯ್ದ ಸೊಪ್ಪನ್ನ ಚೆನ್ನಾಗಿ ತೊಳ್ದೇ ಅಡಿಗೆಗೆ ತಗೊಳ್ಳಿ.