ಟೇಬಲ್ ಶೀಟಿನ ಕೆಳಗೆ ಹಳೆಯ ಪಂಚೆ

ಬೀಟೆ ಮರದ ಮೇಜಿನ ಮೇಲೆ ಪ್ಲಾಸ್ಟಿಕ್ ಶೀಟನ್ನು ನೇರವಾಗಿ ಹಾಸಿ ವರ್ಷಗಟ್ಟಲೆ ಮರೆತುಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೂಡಿಗೆರೆಯ ನೆಂಟರ ಮನೆಯಲ್ಲಿ ಮೊನ್ನೆ ಶೀಟು ಎತ್ತಿದರೆ ಪಾಲಿಶೂ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಸೊಸೆ ಮರವನ್ನು ದೂರಿದಳು. ಮರ ಏನು ಮಾಡಿತಮ್ಮಾ?

ಈ ಶೀಟು ಮಾಡುವ ಪ್ಲಾಸ್ಟಿಕ್ಕು, ಅಂದರೆ ಪಿವಿಸಿ, ಹುಟ್ಟಾ ಗಡಸು; ನೀರಿನ ಪೈಪು ನೋಡಿದವರಿಗೆ ಗೊತ್ತು. ಅದನ್ನು ಮಡಚುವಷ್ಟು ಮೆದುವಾಗಿಸಲು ಥಾಲೇಟ್‌ನಂಥ ಎಣ್ಣೆಯಂತಹ ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ತೂಕದಲ್ಲಿ ಮೂರನೇ ಒಂದು ಪಾಲು ಅದೇ ಇರುವುದುಂಟು. ಅದು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಆದ್ದರಿಂದ ಮೆಲ್ಲಗೆ ಪಾಲಿಶಿನೊಳಗೆ ಇಳಿಯುತ್ತದೆ, ಬಿಸಿ ತಗುಲಿದರೆ ಇನ್ನೂ ಬೇಗ. ಪಾಲಿಶ್ ಅಂಟಾಗುತ್ತದೆ, ಶೀಟು ಸೆಟೆದು ಬಿರಿಯುತ್ತದೆ.

ನಡುವೆ ಹಳೆಯ ಹತ್ತಿ ಪಂಚೆ ಹಾಸಿ. ಹೊಸದು ಬೇಡ; ಒಗೆದೊಗೆದು ಬೆರಳಿಗೆ ಮೆತ್ತಗೆ ಸಿಗುವಂಥದ್ದೇ ಆಗಬೇಕು. ಗಂಜಿ ಹಾಕಿರಲೇಬಾರದು, ನಮ್ಮ ಮಲೆನಾಡಿನ ಆಷಾಢದಲ್ಲಿ ಗಂಜಿಗೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಅಂಚನ್ನು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಜರಿಯ ಗೆರೆ ಪಾಲಿಶಿನ ಮೇಲೆ ಮೂಡುತ್ತದೆ. ಎರಡು ಪದರ ಮಾಡಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಒಂದು ಸುಕ್ಕೂ ಉಳಿಸದೆ ಹಾಸಿ. ಮೇಜಿನ ಅಂಚಿಗಿಂತ ಬೆರಳಷ್ಟು ಒಳಗೇ ನಿಲ್ಲಲಿ. ಶನಿವಾರ ದೇವರ ಪಾತ್ರೆ ಬೆಳಗುವ ದಿನವೇ ಎರಡನ್ನೂ ಎತ್ತಿ ಗಾಳಿಗೆ ಹಾಕಿ, ಪಂಚೆಯನ್ನು ಸಾಬೂನಿನ ಬಿಸಿನೀರಿನಲ್ಲಿ ಅದ್ದಿ ಒಗೆಯಿರಿ. ಹುಣಸೆಹಣ್ಣು ಹಚ್ಚಿದ ಹಿತ್ತಾಳೆಯನ್ನು ಒದ್ದೆಯಾಗಿಯೇ ಕವುಚಿಡುತ್ತೀರಲ್ಲ, ಆ ಕಲೆಗೂ ಒಣಬಟ್ಟೆಯೇ ಮದ್ದು. ನಮ್ಮತ್ತೆ ಪಂಚೆಯ ಮೇಲೂ ಬಿಸಿ ಕಾಫಿಯ ಪಾತ್ರೆ ಇಡಲು ಬಿಡುತ್ತಿರಲಿಲ್ಲ, ಕೈಗೆ ಮಣೆ ಕೊಡುತ್ತಿದ್ದರು.

ಇದೇ ಪಿವಿಸಿಯ ರೈನ್‌ಕೋಟು ಗಡಸಾದರೆ ಅದಕ್ಕೆ ಕೊಬ್ಬರಿ ಎಣ್ಣೆ ಸವರುವುದನ್ನು ಯಾರು ಕಲಿಸಿದರೋ! ಉಳಿದಿದ್ದ ಪ್ಲಾಸ್ಟಿಸೈಜರನ್ನೂ ಎಣ್ಣೆಯೇ ಹೀರಿ ಹೊರಗೆಳೆಯುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಂದಿಷ್ಟು ಪೌಡರ್ ಉದುರಿಸಿ ತೂಗುಹಾಕಿ. ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ ಎರಡನ್ನೂ ಮೆದು ಪ್ಲಾಸ್ಟಿಕ್ಕಿನಲ್ಲಿ ತುಂಬಬೇಡಿ. ಮನೆಯಲ್ಲಿ ಭರಣಿ ಇಲ್ಲವೇ?

ಗಣೇಶನ ಥರ್ಮೋಕೋಲ್ ಮಂಟಪಕ್ಕೆ ದೀಪದ ಸರ ಸುತ್ತಿದ ಹಾಗೆಯೇ ಅಟ್ಟಕ್ಕೆ ಏರಿಸುವವರೂ ಇದ್ದಾರೆ. ಮರುವರ್ಷ ಇಳಿಸಿದಾಗ ವೈರಿನ ಪಿವಿಸಿ ಹೊದಿಕೆಯ ಅದೇ ಪ್ಲಾಸ್ಟಿಸೈಜರ್ ಥರ್ಮೋಕೋಲನ್ನು ಕರಗಿಸಿ, ವೈರು ಕಾಲುವೆ ಕೊರೆದು ಅಂಟಿಕೊಂಡಿರುತ್ತದೆ. ವಿಸರ್ಜನೆಯ ದಿನವೇ ಸರ ಬಿಚ್ಚಿ, ಬಟ್ಟೆಯ ಚೀಲದಲ್ಲಿ ಬೇರೆಯಾಗಿ ಇಡಿ.