ಎಡಿಟಿಂಗ್‌ಗೆ ಪ್ರಾಕ್ಸಿ, ಗ್ರೇಡಿಂಗ್‌ಗೆ ಮೂಲ ಫುಟೇಜ್: ಕೊಂಡಿ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ ಎರಡು ಕ್ಯಾಮೆರಾ, ಒಂದು ಡ್ರೋನ್, ಜೊತೆಗೊಂದು ಮೊಬೈಲ್ ಇಟ್ಟುಕೊಂಡು ಶೂಟ್ ಮಾಡುವ ಹುಡುಗರು ನಮ್ಮ ಕಡೆ ಈಗ ಬಹಳ. ಎಡಿಟಿಂಗ್ ಊರಲ್ಲೇ ಮುಗಿಯುತ್ತದೆ. ಕಲರ್ ಗ್ರೇಡಿಂಗ್‌ಗೆ, ಅಂದರೆ ಬಣ್ಣ ಹದಗೊಳಿಸುವ ಕೆಲಸಕ್ಕೆ, ಹಾರ್ಡ್ ಡಿಸ್ಕ್ ಬೆಂಗಳೂರಿಗೆ ಹೋಗುತ್ತದೆ. ಕೆಲಸ ಕೆಡುವುದು ಈ ಎರಡರ ನಡುವೆ.

ಎಚ್.265 ಎಂಬ ಬಿಗಿಯಾಗಿ ಕುಗ್ಗಿಸುವ ಮಾದರಿಯ 4ಕೆ ಫುಟೇಜ್ ಸಾಧಾರಣ ಲ್ಯಾಪ್‌ಟಾಪಿನಲ್ಲಿ ತಡೆದು ತಡೆದು ಓಡುತ್ತದೆ. ಅದರಲ್ಲಿ ಎಲ್ಲ ಫ್ರೇಮ್‌ಗಳೂ ಪೂರ್ತಿ ಇರುವುದಿಲ್ಲ, ಹಿಂದುಮುಂದಿನ ಫ್ರೇಮ್‌ಗಳಿಂದ ಲೆಕ್ಕ ಹಾಕಿ ಬಿಡಿಸಬೇಕು. ಹಾಗಾಗಿ ಎಡಿಟಿಂಗ್‌ಗೆ ಪ್ರಾಕ್ಸಿ, ಅಂದರೆ ಮೂಲ ಫೈಲಿನ ಹಗುರ ನಕಲು, ಬೇಕು. 1080 ಅಳತೆ, ಸೆಕೆಂಡಿಗೆ 25 ಫ್ರೇಮಿನ ಪ್ರೋರೆಸ್ (ಎಡಿಟಿಂಗ್‌ಗೆ ಸಲೀಸಾದ ಆಪಲ್‌ನ ವಿಡಿಯೊ ಮಾದರಿ) ಪ್ರಾಕ್ಸಿ ಗಂಟೆಗೆ ಸುಮಾರು 17 ಜಿಬಿ ಹಿಡಿಯುತ್ತದೆ. 4ಕೆ ಫುಟೇಜನ್ನೆಲ್ಲ ಅದರ ಭಾರದ ರೂಪವಾದ ಪ್ರೋರೆಸ್ 422 ಎಚ್‌ಕ್ಯೂಗೆ ಬದಲಿಸಹೊರಟರೆ ಗಂಟೆಗೆ 330 ಜಿಬಿ ದಾಟುತ್ತದೆ, ಗುಣಮಟ್ಟ ಮಾತ್ರ ಮೂಲಕ್ಕಿಂತ ಎಳ್ಳಷ್ಟೂ ಹೆಚ್ಚುವುದಿಲ್ಲ. ದುಡ್ಡು ಕೊಟ್ಟು ಡಿಸ್ಕ್ ತುಂಬಿಸುವ ಈ ದಾರಿ ಬೇಡ.

ಮೊದಲ ಕೆಲಸ ಕಾರ್ಡ್ ಕಾಪಿ. ಎಂಪಿ4 ಫೈಲ್‌ಗಳನ್ನಷ್ಟೇ ಆರಿಸಿಕೊಳ್ಳದೆ ಕಾರ್ಡಿನಲ್ಲಿದ್ದ ಫೋಲ್ಡರ್‌ಗಳನ್ನೆಲ್ಲ ಇದ್ದ ಹಾಗೇ ಎರಡು ಬೇರೆ ಬೇರೆ ಡಿಸ್ಕಿಗೆ ಹಾಕಿ. ಪ್ರತಿ ಕಾರ್ಡಿಗೂ ಬೇರೆ ಫೋಲ್ಡರ್ ಇರಲಿ. ಸೋನಿ ಕ್ಯಾಮೆರಾಗಳು ಫೈಲಿಗೆ ಸಿ0001, ಸಿ0002 ಎಂದು ಹೆಸರಿಡುತ್ತವೆ. ಎರಡು ಕ್ಯಾಮೆರಾ ಇದ್ದರೆ ಸಿ0001 ಎರಡಿರುತ್ತವೆ. ತೇರಿನ ಗಾಲಿಯ ಶಾಟ್ ಇರಬೇಕಾದಲ್ಲಿ ದಾಸೋಹದ ರೊಟ್ಟಿ ರಾಶಿ ಬಂದು ಕೂರುವುದು ಹೀಗೆ. ಹೆಸರು ಬದಲಿಸುವುದಾದರೆ ಪ್ರಾಕ್ಸಿ ಮಾಡುವ ಮುನ್ನವೇ ‘ಎ01_ಸಿ0001’, ‘ಬಿ01_ಸಿ0001’ ಎಂದು ಬದಲಿಸಿ. ಆಮೇಲೆ ಮುಟ್ಟಲೇಬೇಡಿ.

ಪ್ರಾಕ್ಸಿಯನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಿಂದಲೇ ಮಾಡಿಸಿ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಎರಡರಲ್ಲೂ ಆ ಸೌಲಭ್ಯವಿದೆ, ಮೂಲ ಫೈಲ್ ಯಾವುದೆಂಬ ನೆನಪು ಪ್ರಾಜೆಕ್ಟಿನಲ್ಲೇ ಉಳಿಯುತ್ತದೆ. ಹೊರಗಡೆ ಮಾಡಿದರೆ ಫೈಲ್ ಹೆಸರು, ಫ್ರೇಮ್ ರೇಟ್, ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಅಂಕಿ), ಆಡಿಯೊ ಚಾನೆಲ್ ನಾಲ್ಕೂ ಮೂಲಕ್ಕೆ ತಾಳೆಯಾಗಬೇಕು.

ಮೊಬೈಲ್ ಫುಟೇಜಿನ ಕಥೆ ಬೇರೆ. ಅದರ ಫ್ರೇಮ್ ರೇಟ್ ಸಾಮಾನ್ಯವಾಗಿ ಏರಿಳಿಯುತ್ತಿರುತ್ತದೆ, ಎಡಿಟಿಂಗ್‌ನಲ್ಲಿ ಧ್ವನಿ ಜಾರುತ್ತದೆ. ಅದನ್ನು ಮೊದಲೇ, ಶೂಟ್ ಮಾಡಿದ ವೇಗಕ್ಕೆ ಹತ್ತಿರದ ಸ್ಥಿರ ಫ್ರೇಮ್ ರೇಟಿಗೆ, ಪ್ರೋರೆಸ್ 422ನಂಥ ಒಳ್ಳೆ ಗುಣಮಟ್ಟದಲ್ಲಿ ಬದಲಿಸಿ. ಮುಂದೆ ಆ ಫೈಲೇ ಮೂಲ. ಗ್ರೇಡಿಂಗ್‌ಗೂ ಅದೇ ಹೋಗಬೇಕು.

ಪ್ರಾಕ್ಸಿಯ ಮೇಲೇ ಗ್ರೇಡಿಂಗ್ ಮಾಡಿದರೇನು ಎಂದು ಕೇಳುವವರಿದ್ದಾರೆ. ಕಿನ್ನಾಳದ ಗೊಂಬೆಯೊಂದನ್ನು ಹತ್ತಿರದಿಂದ ತೆಗೆದಿದ್ದೀರಿ ಎನ್ನಿ. ಕೆಂಪು ಮೈ, ಕಣ್ಣಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ. ಕ್ಯಾಮೆರಾದ 10 ಬಿಟ್ ಫುಟೇಜಿನಲ್ಲಿ ಆ ಕೆಂಪಿಗೆ 1024 ಮೆಟ್ಟಿಲು, ಪ್ರಾಕ್ಸಿಯನ್ನು 8 ಬಿಟ್‌ನ ಎಚ್.264ರಲ್ಲಿ ಮಾಡಿದ್ದರೆ 256 ಮಾತ್ರ. ಬಣ್ಣ ಎಳೆದಾಡಿದರೆ ಕೆಂಪು ಪಟ್ಟೆಪಟ್ಟೆಯಾಗುತ್ತದೆ, ಗೆರೆಯ ಅಂಚು ಕಲಸಿಹೋಗುತ್ತದೆ. ಕಲಾವಿದರ ಕೈಚಳಕಕ್ಕೆ ಹೀಗೆ ಅನ್ಯಾಯ ಮಾಡಬಾರದು.

ಕಟ್ ಅಂತಿಮವಾದ ಮೇಲೆ ಟೈಮ್‌ಲೈನಿನ ನಕಲು ಮಾಡಿಕೊಳ್ಳಿ. ನಕಲಿನಲ್ಲಿ ಬೇಡದ ಕ್ಲಿಪ್ ತೆಗೆದು, ಉಳಿದದ್ದನ್ನು ಆದಷ್ಟು ಒಂದೆರಡು ಟ್ರ್ಯಾಕಿಗೆ ಇಳಿಸಿ. ಹಾಕಿದ ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲ್), ಬಣ್ಣದ ಎಫೆಕ್ಟ್ ಕಳಚಿ. ಪ್ರಾಕ್ಸಿ ಆಫ್ ಮಾಡಿ ಒಮ್ಮೆ ಪೂರ್ತಿ ಓಡಿಸಿ, ಯಾವ ಕ್ಲಿಪ್ಪೂ ಆಫ್‌ಲೈನ್ (ಮೂಲ ಫೈಲ್ ಸಿಗುತ್ತಿಲ್ಲ) ಎಂದು ತೋರಿಸಬಾರದು. ಬಳಿಕ ಟೈಮ್‌ಲೈನಿನ ಎಕ್ಸ್‌ಎಂಎಲ್ ಫೈಲ್ ತೆಗೆಯಿರಿ. ಅದರಲ್ಲಿ ಚಿತ್ರವಿರುವುದಿಲ್ಲ, ಯಾವ ಫೈಲಿನ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿಯಷ್ಟೇ ಇರುತ್ತದೆ. ಹಾಗಾಗಿ ಮೂಲ ಫುಟೇಜ್ ಜೊತೆಗಿರಬೇಕು, ನಿಮ್ಮ ಅಂತಿಮ ಕಟ್ಟಿನ, ಟೈಮ್‌ಕೋಡ್ ಕಾಣುವ ರೆಫರೆನ್ಸ್ ವಿಡಿಯೊ ಕೂಡ. ಸ್ಲೋ ಮೋಷನ್, ಜೂಮ್ ಎಕ್ಸ್‌ಎಂಎಲ್‌ನಲ್ಲಿ ಸರಿಯಾಗಿ ದಾಟದಿರುವುದುಂಟು, ಅವನ್ನು ಚೀಟಿಯಲ್ಲಿ ಬರೆದು ಕಳಿಸಿ.

ಕಲರಿಸ್ಟ್ ರೆಫರೆನ್ಸನ್ನು ಟೈಮ್‌ಲೈನಿನ ಮೇಲಿಟ್ಟು ‘ಡಿಫರೆನ್ಸ್’ ಮೋಡ್ ಹಾಕುತ್ತಾರೆ. ಎರಡೂ ತಾಳೆಯಾದಲ್ಲಿ ಟೈಮ್‌ಕೋಡ್ ಅಂಕಿ ಬಿಟ್ಟು ತೆರೆ ಹೆಚ್ಚುಕಡಿಮೆ ಕಪ್ಪಾಗುತ್ತದೆ, ತಪ್ಪಿದಲ್ಲಿ ಆಕೃತಿಗಳು ಎದ್ದು ಕಾಣುತ್ತವೆ. ಈ ಪರೀಕ್ಷೆ ಮುಗಿಯಿತೆಂದು ಅವರಿಂದ ಫೋನ್ ಬರುವವರೆಗೆ ನಿಮ್ಮ ಬಳಿ ಉಳಿದ ಡಿಸ್ಕಿನಲ್ಲಿ ಏನನ್ನೂ ಅಳಿಸಬೇಡಿ, ಫೋಲ್ಡರ್ ಜಾಗವನ್ನೂ ಬದಲಿಸಬೇಡಿ.