ಕಾಫಿ ದರಕ್ಕೊಂದು ಟಿವಿ ಬೋರ್ಡು: ನಾನು ಮಾಡಿದ್ದು ಹೀಗೆ

ಚಿಕ್ಕಮಗಳೂರಿನ ಒಂದು ಕಾಫಿ ಖರೀದಿ ಅಂಗಡಿಗೆ ಎರಡು ಟಿವಿ ಹಾಕಿ ದರದ ಬೋರ್ಡು ಮಾಡಿಕೊಟ್ಟಿದ್ದೇನೆ. ಒಂದು ಒಳಗೆ, ಬೆಳೆಗಾರರು ಕೂರುವ ಬೆಂಚಿನ ಎದುರು. ಇನ್ನೊಂದು ಹೊರಗೆ, ಮೂಟೆ ಇಳಿಸುವ ಜಗಲಿಯಲ್ಲಿ. ಮೊದಲು ಅಲ್ಲಿ ಸೀಮೆಸುಣ್ಣದಲ್ಲಿ ಬರೆಯುವ ಕಪ್ಪು ಹಲಗೆ ಇತ್ತು. ನನ್ನದು ಸಿಸಿಟಿವಿ, ನೆಟ್‌ವರ್ಕ್ ಕೆಲಸ. ಈ ಥರದ ಬೋರ್ಡು ಮಾಡುವುದು ಹೇಗೆ ಅಂತ ಈಗ ಸುಮಾರು ಜನ ಕೇಳುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಟಿವಿಗೆ ಒಂದು ಪೆಟ್ಟಿಗೆ ಸಿಕ್ಕಿಸಿ ಚಿತ್ರ ಬರಿಸುವುದು ಸುಲಭ. ಆದರೆ ಕಾಫಿ ದರ ಹೋಟೆಲ್ ಮೆನು ಥರ ಅಲ್ಲ, ದಿನವೂ ಬದಲಾಗುತ್ತದೆ. ಅರೇಬಿಕಾ ಜಾತಿಯ ಕಾಫಿಗೆ ನ್ಯೂಯಾರ್ಕ್ ಮಾರುಕಟ್ಟೆ, ರೋಬಸ್ಟಾ ಜಾತಿಗೆ ಲಂಡನ್ ಮಾರುಕಟ್ಟೆ ನೋಡುತ್ತಾರೆ. ಲಂಡನ್ ತೆರೆಯುವುದೇ ನಮ್ಮ ಮಧ್ಯಾಹ್ನದ ಹೊತ್ತಿಗೆ, ಹಾಗಾಗಿ ಬೆಳಿಗ್ಗೆ ಹಾಕಿದ ದರ ಸಂಜೆಗೂ ಹಾಗೇ ಇರುತ್ತದೆ ಅಂತ ಹೇಳುವಂತಿಲ್ಲ. ಆಲ್ದೂರು, ಮಲ್ಲಂದೂರು ಕಡೆಯಿಂದ ಜೀಪಿನಲ್ಲಿ ಮೂಟೆ ಹೇರಿಕೊಂಡು ಬಂದವರು ಟಿವಿಯಲ್ಲಿ ನಿನ್ನೆಯ ದರ ಓದಿ, ಕೌಂಟರಿಗೆ ಹೋದಾಗ ಬೇರೆ ದರ ಕೇಳಿದರೆ ಹೇಗಿರುತ್ತೆ? ವರ್ಷದ ದುಡಿಮೆ ಅದು. 50 ಕೆಜಿ ಮೂಟೆಗೆ ನೂರು ರೂಪಾಯಿ ವ್ಯತ್ಯಾಸ ಬಂದರೂ ಲೋಡಿನ ಮೇಲೆ ದೊಡ್ಡ ಮೊತ್ತ ಆಗುತ್ತದೆ. ಹಾಗಾಗಿ ಕೆಲಸಕ್ಕೆ ಕೈ ಹಾಕುವ ಮೊದಲೇ ಒಂದು ಮಾತು ಖಚಿತ ಮಾಡಿಕೊಂಡೆ: ಹಳೇ ದರ ತೋರಿಸುವುದಕ್ಕಿಂತ ಟಿವಿ ಖಾಲಿ ಇರುವುದೇ ಮೇಲು. ಮುಂದಿನ ಎಲ್ಲ ತೀರ್ಮಾನವನ್ನೂ ಇದನ್ನು ಇಟ್ಟುಕೊಂಡೇ ಮಾಡಿದೆ.

ಎರಡನೆಯದು ಯಜಮಾನರು ಹಾಕಿದ ಷರತ್ತು. "ನಾನು ಫೋನಲ್ಲಿ ಹಾಕಿದ್ರೆ ಅಲ್ಲಿ ಬರ್ಬೇಕು, ಅಷ್ಟೇ. ಕಂಪ್ಯೂಟರ್ ಗಿಂಪ್ಯೂಟರ್ ಬೇಡ." ಇದು ನ್ಯಾಯವಾದ ಮಾತು. ಸೀಸನ್ನಿನಲ್ಲಿ ಅವರಿಗೆ ಪುರುಸೊತ್ತೇ ಇರುವುದಿಲ್ಲ.

ಪೆಟ್ಟಿಗೆ ಯಾವುದು ಅನ್ನುವುದು ಮೊದಲ ಪ್ರಶ್ನೆ. ಟಿವಿಗೇ ಪೆನ್‌ಡ್ರೈವ್ ಹಾಕಿ ಫೋಟೋ ತೋರಿಸಬಹುದು, ಆದರೆ ದರ ಬದಲಾದಾಗಲೆಲ್ಲ ಕಿತ್ತು ಹಾಕಬೇಕು. ಆಂಡ್ರಾಯ್ಡ್ ಬಾಕ್ಸ್ ಅಗ್ಗ, ಸಿಗುವುದೂ ಸುಲಭ. ಆದರೆ ಕರೆಂಟ್ ಹೋಗಿ ಬಂದಾಗ ಎಷ್ಟೋ ಬಾಕ್ಸ್‌ಗಳು ಹೋಮ್ ಸ್ಕ್ರೀನಿಗೆ ಬಂದು ನಿಂತುಬಿಡುತ್ತವೆ, ಇಲ್ಲವೇ ದರದ ಮೇಲೇ ಅಪ್‌ಡೇಟ್ ಕೇಳುತ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತಲ್ವಾ. ಪ್ರತಿ ಸಲ ಯಾರೋ ರಿಮೋಟ್ ಹಿಡಿದು ಕೂರಲು ಆಗಲ್ಲ. ಹಾಗಾಗಿ ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ತೆಗೆದುಕೊಂಡೆ. ಮೆನು, ಜಾಹೀರಾತು, ವಿಡಿಯೋ ಸರದಿಯಲ್ಲಿ ತೋರಿಸಬೇಕಿದ್ದರೆ ಅದಕ್ಕೆ ಆಂಥಿಯಾಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಮೊದಲು ಸ್ಕ್ರೀನ್‌ಲಿ ಓಎಸ್‌ಇ ಅಂತ ಇತ್ತು. ಒಳ್ಳೆಯದು. ನನಗೆ ಬೇಕಿದ್ದದ್ದು ಒಂದೇ ಪುಟ, ಆದ್ದರಿಂದ ಪೈನ ಮಾಮೂಲಿ ಸಿಸ್ಟಮ್ ಹಾಕಿ, ಕ್ರೋಮಿಯಂ ಬ್ರೌಸರನ್ನು, ಒಂದೇ ಪುಟ ಪರದೆ ತುಂಬ ತೋರಿಸುವ ಕಿಯಾಸ್ಕ್ ಮೋಡ್‌ನಲ್ಲಿ ತಾನಾಗಿ ತೆರೆಯುವಂತೆ ಮಾಡಿದೆ. ದರದ ಪುಟ ಇರುವುದೂ ಪೈ ಒಳಗೇ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಯಜಮಾನರ ಫೋನು ಅಂಗಡಿಯ ವೈಫೈಯಲ್ಲಿದ್ದರೆ ಸಾಕು, ಒಂದು ಸಣ್ಣ ಫಾರ್ಮ್ ತೆರೆದು, ಪಿನ್ ಹಾಕಿ, ದರ ತುಂಬಿದರೆ ಮುಗಿಯಿತು. ಅರ್ಧ ನಿಮಿಷದೊಳಗೆ ಎರಡೂ ಟಿವಿಯಲ್ಲಿ ಬದಲಾಗುತ್ತದೆ.

ಪೈಗೆ ಕರೆಂಟ್ ಕೊಡುವ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಅದಕ್ಕೆ ಅಂತಲೇ ಬರುವ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರನ್ನೇ ಹಾಕಿ. ಹಳೇ ಮೊಬೈಲ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಕುಸಿದು ಪರದೆಯ ಬಲ ಮೇಲ್ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಆಮೇಲೆ ಕಾರಣವೇ ಗೊತ್ತಾಗದ ಹಾಗೆ ನಿಂತುಹೋಗುತ್ತದೆ. ಟಿವಿಯ ಯುಎಸ್‌ಬಿ ಕಿಂಡಿಯಿಂದ ಪೈಗೆ ಕರೆಂಟ್ ಎಳೆಯುವವರೂ ಇದ್ದಾರೆ. ಅದರಲ್ಲಿ ಅಷ್ಟು ಶಕ್ತಿ ಇರುವುದಿಲ್ಲ, ಮೇಲಾಗಿ ಟಿವಿ ಆಫ್ ಮಾಡಿದ ಕೂಡಲೇ ಪೈ ಕೂಡ ದಬಕ್ಕನೆ ಆರಿಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೈನ ಸಿಸ್ಟಮ್ ಇರುವುದು ಮೆಮೊರಿ ಕಾರ್ಡಿನಲ್ಲಿ. ಅದರ ಮೇಲೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ಪೈ ಬಳಸುವವರ ದೊಡ್ಡ ದೂರು ಇದೇ. ಇದಕ್ಕೆ ಪೈನ ಸೆಟ್ಟಿಂಗಿನಲ್ಲೇ ಓವರ್‌ಲೇ ಫೈಲ್ ಸಿಸ್ಟಮ್ ಅಂತ ಒಂದು ಆಯ್ಕೆ ಇದೆ. ಆನ್ ಮಾಡಿದರೆ ಕಾರ್ಡಿನ ಮೇಲೆ ಏನೂ ಬರೆಯುವುದಿಲ್ಲ, ಎಲ್ಲ ಕರೆಂಟ್ ಹೋದರೆ ಅಳಿಸಿಹೋಗುವ ರ‍್ಯಾಮ್‌ನಲ್ಲೇ ನಡೆಯುತ್ತದೆ, ಮತ್ತೆ ಶುರುವಾದಾಗ ಮೊದಲ ದಿನದಷ್ಟೇ ಹೊಸದಾಗಿ ಏಳುತ್ತದೆ. ಬ್ರೌಸರ್ ಸರಿಯಾಗಿ ಮುಚ್ಚಲಿಲ್ಲ, ಹಳೇ ಪುಟ ತೆರೆಯಲೇ ಅಂತ ಕೇಳುವ ಕಿರಿಕಿರಿಯೂ ಇದರಿಂದ ಹೋಗುತ್ತದೆ.

ಆದರೆ ಇದರಿಂದಲೇ ಎರಡು ಗಂಟು ಬೀಳುತ್ತವೆ. ಏನೂ ಬರೆಯುವುದಿಲ್ಲ ಅಂದಮೇಲೆ ಬೆಳಿಗ್ಗೆ ಹಾಕಿದ ದರವೂ ಕರೆಂಟ್ ಹೋದಾಗ ಹೋಗುತ್ತದೆ. ಅದಕ್ಕೆ ದರದ ಫೈಲನ್ನು ಮಾತ್ರ ಬೇರೆ ಪುಟ್ಟ ಪೆನ್‌ಡ್ರೈವ್‌ನಲ್ಲಿ ಇಟ್ಟೆ. ಅದು ಕೆಟ್ಟರೂ ಬೋರ್ಡು ಏಳುತ್ತದೆ, ದರ ಮತ್ತೊಮ್ಮೆ ಹಾಕಿದರಾಯಿತು.

ಎರಡನೇ ಗಂಟು ಗಡಿಯಾರದ್ದು. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಇಂಟರ್ನೆಟ್ ಸಿಕ್ಕರೆ ಸಮಯ ತರಿಸಿಕೊಳ್ಳುತ್ತದೆ, ಸಿಗದಿದ್ದರೆ ಕೊನೆಗೆ ಬರೆದಿಟ್ಟ ಸಮಯದಿಂದ ಎಣಿಸಲು ಶುರು ಮಾಡುತ್ತದೆ. ಓವರ್‌ಲೇ ಇದ್ದಾಗ ಆ ಕೊನೆಯ ಸಮಯ ಅಂದರೆ ನಾವು ಕಾರ್ಡಿಗೆ ಬೀಗ ಹಾಕಿದ ದಿನ! ಗಾಳಿಮಳೆಗೆ ಕರೆಂಟು, ಫೈಬರ್ ಎರಡೂ ಹೋಗಿ, ಕರೆಂಟ್ ಮಾತ್ರ ವಾಪಸ್ ಬಂದರೆ ಪೈ ತಿಂಗಳುಗಟ್ಟಲೆ ಹಿಂದಿನ ತಾರೀಖಿನಲ್ಲಿ ಕೂತಿರುತ್ತದೆ. ಇವತ್ತಿನ ದರ ಯಾವುದು, ಹಳೇದು ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಡಿಎಸ್3231 ಅನ್ನುವ ಸಣ್ಣ ಗಡಿಯಾರದ ಮಾಡ್ಯೂಲ್ ಸಿಗುತ್ತದೆ, ನಾಣ್ಯದಂಥ ಬ್ಯಾಟರಿ ಹಾಕಿ ಪೈನ ಪಿನ್ನುಗಳಿಗೆ ಕೂರಿಸಬೇಕು. ಕೂರಿಸಿದೆ. ಪೈ 5 ತೆಗೆದುಕೊಳ್ಳುವವರಿಗೆ ಗಡಿಯಾರ ಒಳಗೇ ಬರುತ್ತದೆ, ಬ್ಯಾಟರಿ ಮಾತ್ರ ಬೇರೆ ಹಾಕಬೇಕು. ಹಣ ಉಳಿಸಲು ಯಾವುದನ್ನು ಬೇಕಾದರೂ ಬಿಡಿ, ಇದನ್ನು ಬಿಡಬೇಡಿ.

ಗಡಿಯಾರ ಸರಿಯಾದ ಮೇಲೆ ಉಳಿದದ್ದು ಸುಲಭ. ದರದ ಜೊತೆ ಅದು ಹಾಕಿದ ತಾರೀಖು, ಗಂಟೆಯೂ ಫೈಲಿನಲ್ಲಿ ಸೇರುತ್ತದೆ. ಪುಟ ಪ್ರತಿ ಅರ್ಧ ನಿಮಿಷಕ್ಕೆ ಅದನ್ನು ಓದುತ್ತದೆ. ತಾರೀಖು ಇವತ್ತಿನದಾಗಿದ್ದರೆ ಅಂಕಿ ತೋರಿಸಿ, ಕೆಳಗೆ "ಬೆಳಿಗ್ಗೆ 10:40ರ ದರ" ಅಂತ ಬರೆಯುತ್ತದೆ. ಅಲ್ಲದಿದ್ದರೆ ಅಂಕಿಗಳೆಲ್ಲ ಮಾಯವಾಗಿ "ಇಂದಿನ ದರ ಇನ್ನೂ ಬಂದಿಲ್ಲ, ಕೌಂಟರಿನಲ್ಲಿ ಕೇಳಿ" ಅಂತ ಬರುತ್ತದೆ. ದರದ ಸಮಯ ಈಗಿನ ಸಮಯಕ್ಕಿಂತ ಮುಂದಿದ್ದರೂ ತೋರಿಸಬೇಡ ಅಂತ ಒಂದು ಸಾಲು ಸೇರಿಸಿದ್ದೇನೆ. ಹಾಗೆ ಆಗಿದ್ದರೆ ಗಡಿಯಾರ ಕೆಟ್ಟಿದೆ ಅಂತಲೇ ಅರ್ಥ.

ಅಕ್ಷರದ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಪೈನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಡಬ್ಬಿಗಳು ಕಾಣುತ್ತವೆ. ನೋಟೊ ಸಾನ್ಸ್ ಕನ್ನಡ ಫಾಂಟಿನ ಫೈಲನ್ನೇ ಪುಟದ ಪಕ್ಕದಲ್ಲಿ ಇಟ್ಟೆ. ನೆಟ್‌ನಿಂದ ಎಳೆಯುವ ಹಾಗೆ ಮಾಡಿದರೆ, ನೆಟ್ ಹೋದ ದಿನ ಮತ್ತೆ ಡಬ್ಬಿಗಳೇ. ಆಮೇಲೆ ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಮಾಡಿದ ಅಳತೆಯಲ್ಲಿ ನಮ್ಮ ಒತ್ತಕ್ಷರ ಕೂರುವುದಿಲ್ಲ. ಈ ಬೋರ್ಡಿನಲ್ಲಿ ಬರುವ ಪದಗಳೇ ನೋಡಿ: ರೋಬಸ್ಟಾದಲ್ಲಿ ಟ ಒತ್ತು, ಚೆರ್ರಿಯಲ್ಲಿ ರ ಒತ್ತು. ಜಾಗ ಕಡಿಮೆಯಾದರೆ ಒತ್ತು ಕೆಳಗಿನ ಗೆರೆಗೆ ತಾಗುತ್ತದೆ, ಇಲ್ಲವೇ ಅರ್ಧ ಕತ್ತರಿಸಿಹೋಗಿ "ರೋಬಸಾ" ಅಂತ ಕಾಣುತ್ತದೆ. ಅಕ್ಷರದ ಎತ್ತರದ 1.6 ಪಟ್ಟು ಸಾಲಿಗೆ ಕೊಟ್ಟ ಮೇಲೆ ನೆಟ್ಟಗಾಯಿತು. ಅಂಕಿ ಮಾತ್ರ 0ಯಿಂದ 9ರ ಮಾಮೂಲಿ ಅಂಕಿಯೇ ಇರಲಿ ಅಂತ ತೀರ್ಮಾನಿಸಿದೆ, ಚೀಟಿಯಲ್ಲೂ ತೂಕದ ಯಂತ್ರದಲ್ಲೂ ಅದೇ ಇರುವುದರಿಂದ ಕಣ್ಣಿಗೆ ಬೇಗ ಸಿಗುತ್ತದೆ.

ಗಾತ್ರಕ್ಕೆ ಫಲಕ ಬರೆಯುವವರ ಲೆಕ್ಕ ಒಂದಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಜಗಲಿಯ ಆಚೆ ಲಾರಿ ಪಕ್ಕ ನಿಂತವರಿಗೂ ಕಾಣಬೇಕು ಅಂದರೆ ಇಪ್ಪತ್ತು ಅಡಿ, ಅಂದರೆ ಎರಡು ಇಂಚು. 43 ಇಂಚಿನ ಟಿವಿಯಲ್ಲಿ 1080 ಗೆರೆ ಇದ್ದರೆ ಒಂದೊಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್. ಹಾಗಾದರೆ ಎರಡು ಇಂಚಿಗೆ ಸುಮಾರು 100 ಚುಕ್ಕೆ. ಅಷ್ಟು ದೊಡ್ಡದು ಮಾಡಿದರೆ ಪರದೆಯಲ್ಲಿ ಹಿಡಿಸುವುದು ಐದಾರು ಸಾಲು ಮಾತ್ರ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಕಾಳುಮೆಣಸು. (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಬೀಜ; ಚೆರ್ರಿ ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು.) ಸಾಕಲ್ವಾ? ದೇವರ ಫೋಟೋ, ಓಡುವ ಅಕ್ಷರ, ಅಂಗಡಿಯ ಲೋಗೊ ಎಲ್ಲ ಹಾಕಿ ಅಂತ ಸಲಹೆ ಬಂತು. ಒಪ್ಪಲಿಲ್ಲ. ಕಪ್ಪು ಹಿನ್ನೆಲೆ, ಬಿಳಿ ಹೆಸರು, ಹಳದಿ ಅಂಕಿ, ಅಷ್ಟೇ. ಔಟ್‌ಟರ್ನ್, ಅಂದರೆ ಒಂದು ಮೂಟೆಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ, ಮತ್ತೆ ತೇವಾಂಶ ನೋಡಿ ದರ ಹೆಚ್ಚುಕಮ್ಮಿ ಆಗುತ್ತದೆ ಅನ್ನುವ ಸಾಲು ಮಾತ್ರ ಕೆಳಗೆ ಇದೆ, ಅದು ಇರಲೇಬೇಕು. ಮೊದಲ ವಾರ ಬಂದ ಹಿರಿಯ ಬೆಳೆಗಾರರೊಬ್ಬರು ಬೆಂಚಿನಿಂದಲೇ ಓದಿ, "ಕನ್ನಡಕ ಇಲ್ದೇನೂ ಕಾಣುತ್ತೆ ಕಣಪ್ಪಾ" ಅಂದರು. ನನಗೆ ತುಂಬ ಖುಷಿಯಾಯಿತು.

ಎರಡು ಟಿವಿಗೂ ಒಂದೇ ಚಿತ್ರ, ಹಾಗಾಗಿ ಪೈನ ಚಿತ್ರವನ್ನು ಎರಡು ಕಡೆ ಹಂಚುವ ಒಂದು ಎಚ್‌ಡಿಎಂಐ ಸ್ಪ್ಲಿಟರ್ ಸಾಕಾಯಿತು. ಒಳಗಿನದಕ್ಕೆ ಸಣ್ಣ ಕೇಬಲ್. ಜಗಲಿಯದು ದೂರ, ಅಷ್ಟುದ್ದದ ಮಾಮೂಲಿ ಎಚ್‌ಡಿಎಂಐ ಕೇಬಲ್ ನಂಬುವ ಹಾಗಿಲ್ಲ, ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಮೇಲೆ ಕಳಿಸುವ ಎಕ್ಸ್‌ಟೆಂಡರ್ ಹಾಕಿದೆ. ಕರೆಂಟ್ ಬಂದಾಗ ಟಿವಿಗಿಂತ ಪೈ ಮೊದಲು ಏಳಬಹುದು. ಆಗ ಎದುರಿಗೆ ಟಿವಿ ಕಾಣದೆ ಚಿತ್ರ ಕಳಿಸುವುದನ್ನೇ ಬಿಡುತ್ತದೆ. ಟಿವಿ ಇದೆಯೋ ಇಲ್ಲವೋ ನೋಡಬೇಡ, 1920×1080 ಕಳಿಸುತ್ತಲೇ ಇರು ಅಂತ ಬೂಟ್ ಸೆಟ್ಟಿಂಗಿನಲ್ಲಿ ಹೇಳಿಡಬೇಕು. ಚಿತ್ರದ ಅಂಚು ಕತ್ತರಿಸಿದರೆ ಅದು ಟಿವಿಯ ಪಿಕ್ಚರ್ ಸೈಜ್ ಸೆಟ್ಟಿಂಗ್, ಪೈದಲ್ಲ.

ಟಿವಿ ತಾನೇ ಆನ್ ಆಗುವುದು ಹೇಗೆ? ಎಚ್‌ಡಿಎಂಐ ತಂತಿಯಲ್ಲೇ ಸಿಇಸಿ ಅಂತ ಒಂದು ದಾರಿ ಇದೆ, ಪೈ ಅದರಿಂದ ಟಿವಿಯನ್ನು ಆನ್, ಆಫ್ ಮಾಡಬಹುದು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್. ಆದರೆ ಎಷ್ಟೋ ಸ್ಪ್ಲಿಟರ್‌ಗಳು ಇದನ್ನು ಒಂದೇ ಕಿಂಡಿಗೆ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಅದಕ್ಕೇ ಟಿವಿ ಕೊಳ್ಳುವಾಗಲೇ, ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಇದೆಯಾ ಅಂತ ಅಂಗಡಿಯಲ್ಲಿ ಪ್ಲಗ್ ಕಿತ್ತು ಹಾಕಿ ನೋಡಿದೆ. ಅಂಗಡಿಯವರು ಬೇಡ ಅಂದರೂ ಬಿಡದೆ ನೋಡಿ. ಕೆಲವು ಟಿವಿಗಳಲ್ಲಿ ಇದು, ಹೋಟೆಲ್ ಕೋಣೆಗಳಿಗೆ ಅಂತ ಇಟ್ಟಿರುವ ಹೋಟೆಲ್ ಮೋಡ್ ಒಳಗೆ ಅಡಗಿರುತ್ತದೆ. ರಿಮೋಟ್ ಮುಟ್ಟದಿದ್ದರೆ ಕೆಲವು ಗಂಟೆಗೆ ತಾನೇ ಆಫ್ ಆಗುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೆಯಿರಿ.

ಮನೆ ಟಿವಿ ಸಾಕಾ, ಅಂಗಡಿಗೆ ಅಂತಲೇ ಮಾಡಿದ ಡಿಸ್‌ಪ್ಲೇ ಬೇಕಾ? ಒಳಗೆ ಮನೆ ಟಿವಿಯೇ ಹಾಕಿದ್ದೇವೆ. ಆದರೆ ವಾರಂಟಿ ಕಾರ್ಡ್ ಓದಿ, ವ್ಯಾಪಾರದ ಜಾಗದಲ್ಲಿ ಹಾಕಿದರೆ ವಾರಂಟಿ ಇಲ್ಲ ಅಂತ ಎಷ್ಟೋ ಕಂಪನಿಗಳು ಬರೆದಿರುತ್ತವೆ. ಜಗಲಿಯಲ್ಲಿ ಮಧ್ಯಾಹ್ನದ ಬೆಳಕಿಗೆ ಮನೆ ಟಿವಿ ಮಂಕು ಹೊಡೆಯುತ್ತದೆ. ಅಲ್ಲಿಗೆ ಬೆಳಕು ಜಾಸ್ತಿ ಇರುವ, ದಿನವಿಡೀ ಉರಿಯಲು ಮಾಡಿದ ಡಿಸ್‌ಪ್ಲೇ ಹಾಕಿಸಿದೆ. ದುಬಾರಿ, ಆದರೆ ಬೇರೆ ದಾರಿ ಇಲ್ಲ. ಒಎಲ್‌ಇಡಿ ಮಾತ್ರ ಬೇಡ. ಒಂದೇ ಚಿತ್ರ ದಿನವಿಡೀ ನಿಂತರೆ ಅದರ ಗುರುತು ಪರದೆಯಲ್ಲೇ ಉಳಿದುಬಿಡುತ್ತದೆ.

ಮಲೆನಾಡಿನ ಹವೆಗೆ ಇನ್ನಷ್ಟು ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು, ಆದರೆ ಜಗಲಿಗೆ ಹೋಗುವ ಉದ್ದದ ತಾಮ್ರದ ಕೇಬಲನ್ನೂ ಕೀಳಬೇಕು ಅಂತ ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಸಿಡಿಲಿನ ಹೊಡೆತ ಅದರಲ್ಲೂ ಬರುತ್ತದೆ. ಹಾಗಾಗಿ ಆ ಕೇಬಲ್ಲಿನ ತುದಿಗೆ ಕೆಂಪು ಟೇಪ್ ಸುತ್ತಿ, ಕೈಗೆ ಸಿಗುವ ಕಡೆ ಇಟ್ಟು, ಅಂಗಡಿಯ ಲೆಕ್ಕ ಬರೆಯುವ ರೈಟರ್‌ಗೆ ತೋರಿಸಿದ್ದೇನೆ. ಎರಡೂ ಟಿವಿ ಒಂದೇ ಅರ್ಥಿಂಗ್‌ನಲ್ಲಿವೆ. ಪೈಗೆ ಫ್ಯಾನ್ ಇಲ್ಲದ ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿದ್ದೇನೆ, ಕಾಫಿ ಸಿಪ್ಪೆಯ ಧೂಳಿಗೆ ಫ್ಯಾನ್ ಉಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವ್ಯಾಪಾರ ಕಡಿಮೆ ಅಂತ ಪೈ ಆಫ್ ಮಾಡಬೇಡಿ ಅಂತಲೂ ಹೇಳಿದ್ದೇನೆ. ಓಡುತ್ತಿದ್ದರೆ ಆ ಬಿಸಿಗೇ ಒಳಗೆ ತೇವ ಕೂರುವುದಿಲ್ಲ.

ಇನ್ನು ನಿರ್ವಹಣೆ. ಅಪ್‌ಡೇಟ್ ಮಾಡಬೇಕಾದರೆ ಓವರ್‌ಲೇ ತೆಗೆದು, ಕೆಲಸ ಮುಗಿಸಿ, ಮತ್ತೆ ಹಾಕಬೇಕು. ಇದನ್ನು ನಾನು ಸೀಸನ್ ಮುಗಿದ ಮೇಲೆ ಮಾತ್ರ ಮಾಡುತ್ತೇನೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮುಟ್ಟುವುದಿಲ್ಲ. ಕೆಲಸ ಮಾಡುತ್ತಿರುವ ಕಾರ್ಡಿನ ಪೂರ್ತಿ ನಕಲೊಂದನ್ನು ಹೆಸರು ಬರೆದು ಅಂಗಡಿಯ ಕ್ಯಾಶ್ ಡ್ರಾಯರಿನಲ್ಲೇ ಇಟ್ಟಿದ್ದೇನೆ. ಏನಾದರೂ ಆದರೆ ಹಳೇದು ತೆಗೆದು ಇದನ್ನು ಹಾಕಿ ಅಂತ ಫೋನಿನಲ್ಲೇ ಹೇಳಬಹುದು.